ಹತ್ತೊಂಬತ್ತು ಗೀಟು

ನನ್ನ ಭಾವ ಲಕ್ಷ್ಮೀನರಸಪ್ಪನ ಬಾಯಲ್ಲಿ ‘ಒಂದು’ ಅನ್ನುವ ಮಾತು ಬರುತ್ತಿರಲಿಲ್ಲ. ಎಣಿಸುವಾಗ ‘ಲಾಭ, ಎರಡು, ಮೂರು’ ಅಂತಲೇ ಎಣಿಸುತ್ತಿದ್ದ. ರಾಗಿ ಅಳೆಯುವಾಗ ನಮ್ಮ ಅಗಳಿ ಕಡೆ ಎಲ್ಲರೂ ಮೊದಲನೇ ಸೇರಿಗೆ ‘ಲಾಭ’ ಅಂತಲೇ ಅನ್ನುತ್ತಾರೆ. ಆದರೆ ಉಳಿದವರು ಅದನ್ನು ಕಣದಲ್ಲೇ ಬಿಟ್ಟು ಬರುತ್ತಾರೆ. ಇವನು ಬಸ್ಸು ಹತ್ತಿದರೂ ಬಿಡುತ್ತಿರಲಿಲ್ಲ. “ಮಡಕಶಿರಕ್ಕೆ ಲಾಭ ಕೊಡಪ್ಪ” ಅಂದರೆ ಕಂಡಕ್ಟರ್ ಇವನ ಮುಖ ನೋಡುತ್ತಿದ್ದ. ಐವತ್ತನಾಲ್ಕು ವರ್ಷದಲ್ಲಿ ನನ್ನ ಭಾವ ಕಂಡ ಲಾಭ ಅಷ್ಟೇ.

ಅವರ ಮನೆಯಲ್ಲಿ ಕುರಿ ಇದ್ದವು. ಕುರಿಗೊಂದರಂತೆ ದೊಡ್ಡಿಯ ಗೋಡೆ ಮೇಲೆ ಸುಣ್ಣದ ಕಲ್ಲಿನಿಂದ ಉದ್ದುದ್ದ ಗೀಟು ಎಳೆದಿರುತ್ತಿದ್ದರು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವುದು ಊರಿಗೆಲ್ಲ ರೂಢಿ. ಅವರ ಮನೆಯಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಅಡ್ಡ ಗೀಟು ಸತ್ತ ಕುರಿಗೆ. ಬದುಕಿರುವುದರ ಮೇಲೆ ಅಡ್ಡ ಎಳೆದರೆ ಅವರಪ್ಪ ಕೋಲು ತೆಗೆದುಕೊಳ್ಳುತ್ತಿದ್ದನಂತೆ. ನಾಲ್ಕನೇ ಕ್ಲಾಸಿಗೆ ಭಾವನ ಓದು ನಿಂತಿತು. ಭಾಗಾಕಾರ ಒಂದು ಮಾತ್ರ ಅವನಿಗೆ ಅಂಟಿಕೊಂಡಿತ್ತು. ಕುರಿ ಮೇಯಿಸುತ್ತಾ ಬಂಡೆಯ ಮೇಲೆ ಗೀಚಿ ಗೀಚಿ, ಎಂಥ ಸಂಖ್ಯೆ ಕೊಟ್ಟರೂ ಭಾಗಿಸಿ ಉಳಿಕೆ ಹೇಳುತ್ತಿದ್ದ.

2003ರಲ್ಲಿ ನಾವು ಮೂವರು, ಅವನು, ಅವನ ಹೆಂಡತಿಯಾದ ನನ್ನ ಅಕ್ಕ ನಾಗಕ್ಕ, ನಾನು, ಪಾವಗಡ ಕಲ್ಯಾಣದುರ್ಗ ದಾಟಿ ರಾಯದುರ್ಗಕ್ಕೆ ಬಂದೆವು. ನನ್ನ ಹೆಂಡತಿ, ಮಗಳು ಆಗ ಊರಲ್ಲೇ ಉಳಿದರು. ಊರಿನವರೆಲ್ಲ ಗಾರ್ಮೆಂಟ್ಸ್ ಅಂದರೆ ಬೆಂಗಳೂರಿಗೆ ಹೋಗುತ್ತಿದ್ದ ಕಾಲ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟುಗಳು ಗಲ್ಲಿಗೊಂದರಂತೆ ಎದ್ದಿದ್ದವು. ನನ್ನನ್ನು ಜೇಬು ಹೊಲಿಯುವ ಮಿಷನ್ನಿಗೆ ಕೂರಿಸಿದರು. ಅಕ್ಕನಿಗೆ ದಾರ ಕತ್ತರಿಸುವ ಕೆಲಸ. ಭಾವನಿಗೆ ಉದ್ದನೆಯ ಕಟಿಂಗ್ ಟೇಬಲ್ಲಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುವ ಕೆಲಸ, ಕತ್ತರಿಸಿದ ಮೇಲೆ ಬಂಡಲ್ ಕಟ್ಟುವ ಕೆಲಸ. ಹೊಲಿಯಲು ಹೋದ ಬಂಡಲಿಗೆಲ್ಲ ಗೋಡೆಯ ಮೇಲೆ ಚಾಕ್‌ಪೀಸಿನಿಂದ ಗೀಟು ಎಳೆಯುತ್ತಿದ್ದ. ಇಲ್ಲಿಯೂ ಐದನೆಯದನ್ನು ಅಡ್ಡ ಹಾಕಲಿಲ್ಲ.

ಜೀನ್ಸ್ ಯೂನಿಟ್ಟಿನಲ್ಲಿ ಮರ್ಯಾದೆ ಇರುವುದು ಕಟಿಂಗ್ ಮಾಸ್ಟರಿಗೆ. ನೂರು ಪದರ ಬಟ್ಟೆಯನ್ನು ಒಂದೇ ಏಟಿಗೆ ಕತ್ತರಿಸುವ ಮಿಷನ್ ಅವನ ಕೈಯಲ್ಲಿರುತ್ತದೆ. ಯಾವ ತುಂಡು ಎಲ್ಲಿ ಕೂರಬೇಕು, ಬಟ್ಟೆ ಹೇಗೆ ಉಳಿಯದಂತೆ ಪಾಲಾಗಬೇಕು ಅನ್ನುವುದು ಅವನ ತಲೆಯಲ್ಲಿರುತ್ತದೆ. ಹೊಲಿಯುವವರು ಅವನನ್ನು ‘ಮಾಸ್ಟ್ರೇ’ ಅನ್ನುತ್ತಾರೆ, ಹಾಸುವವನನ್ನು ‘ಏಯ್’ ಅನ್ನುತ್ತಾರೆ. ಆರು ವರ್ಷ ‘ಏಯ್’ ಅನ್ನಿಸಿಕೊಂಡ ಭಾವನಿಗೆ ಆ ಟೇಬಲ್ಲು ಬೇಕಿತ್ತು. ಅವನ ಬದುಕಿನಲ್ಲಿ ಅವನು ಬೇಕು ಅಂತ ಕೇಳಿದ್ದು ಅದೊಂದೇ.

2009ರಲ್ಲಿ ಹಳೆಯ ಮಾಸ್ಟರ್ ಬಳ್ಳಾರಿಗೆ ಹೊರಟುಹೋದ. ಟೇಬಲ್ಲು ಖಾಲಿಯಾಯಿತು. ಮಧ್ಯಾಹ್ನ ಊಟದ ಹೊತ್ತು. ಮಾಲೀಕರ ಅಳಿಯ ರಘುನಾಥ್ ಯೂನಿಟ್ಟು ನೋಡಿಕೊಳ್ಳುತ್ತಿದ್ದ. ಡಿಗ್ರಿ ಓದಿದವನು, ಮಾತಿಗೊಮ್ಮೆ ನಗುವವನು. ಭಾವ ಅವನೆದುರು ನಿಂತು ಟೇಬಲ್ಲು ಕೇಳಿದ. ರಘುನಾಥ್ ಗೋಡೆ ಕಡೆ ನೋಡಿದ. ಆ ದಿನ ಹತ್ತೊಂಬತ್ತು ಬಂಡಲ್ ಹೋಗಿದ್ದವು.

“ಇದೇನ್ರಿ ನರಸಪ್ಪಾರ, ಬಂಡಲ್ ಲೆಕ್ಕಾನೋ, ನಿಮ್ಮ ಮಾವನ ಫೋನ್ ನಂಬರೋ? ಒಂದು ಒಂದು ಒಂದು ಅಂತ ಗೋಡಿ ತುಂಬ ಐತಲ್ಲ.”

“ಹತ್ತೊಂಬತ್ತು ಬಂಡಲ್ ಸಾರ್. ಹೋಗಿದ್ದಕ್ಕೆ ಗೀಟು.”

“ಅಡ್ಡಗೀಟು ಇಲ್ಲ ಏನಿಲ್ಲ. ನಾ ನಂಬರ್ ಅಂತನ ಓದತೀನಿ. ಎಷ್ಟು ಕೋಟಿ ಆತೋ ಯಾವನಿಗೆ ಗೊತ್ತು.” ಊಟ ಮಾಡುತ್ತಿದ್ದ ಹುಡುಗಿಯರು ನಕ್ಕರು. ನಗು ಕೇಳಿ ಅವನಿಗೆ ಹುರುಪು ಬಂತು. “ಕಟಿಂಗ್ ಅಂದ್ರ ಏನ್ರಿ? ಪಾಲು ಮಾಡೋದು. ತುಂಡು ಉಳೀಬಾರ್ದು. ಈ ನಂಬರನ್ನ ಸಮ ಪಾಲು ಮಾಡ್ರಿ, ಏನೂ ಉಳೀಲಾರ್ದಂಗ. ಪೂರಾ ಒಬ್ಬಗ ಕೊಡೋದಲ್ಲ, ತಲಿಗೊಂದು ಹಂಚೋದೂ ಅಲ್ಲ ಮತ್ತ. ಮಾಡಿದ ದಿನ ಟೇಬಲ್ ನಿಮ್ದ. ಎಲ್ಲಾರೂ ಕೇಳ್ಯಾರ ನೋಡ್ರಿ.”

ನಾನು ಭಾವನ ತೋಳು ಹಿಡಿದೆಳೆದೆ. “ಗೇಲಿ ಮಾಡ್ತಾವ್ನೆ ಕಣ್ ಬಾವ, ಬಾ.”

“ಇಷ್ಟು ಜನದ ಎದ್ರಿಗೆ ಆಡಿದ ಮಾತು ಗೇಲಿ ಹೆಂಗಾಯ್ತದ್ಲಾ?” ಅಂದ. ಅವನು ನೋಡುತ್ತಿದ್ದದ್ದು ಗೋಡೆಯನ್ನು.

ಮುಂದಿನ ವಾರ ರಘುನಾಥನ ಹೆಂಡತಿ ಕಡೆಯ ಸಂಬಂಧಿಕನೊಬ್ಬ ಬಂದು ಟೇಬಲ್ಲಿನ ಮುಂದೆ ನಿಂತ. ನಾನು ಕೂಗಾಡಿದೆ, ಕುರ್ಚಿಯೊಂದನ್ನು ಒದ್ದೆ. ಭಾವ ಹಾಸುವ ಬಟ್ಟೆಯ ಅಂಚು ಸರಿಮಾಡುತ್ತಾ, “ಅವ್ನು ಈಗ ಇದ್ದಾನೆ. ನಾನು ಒಡೆದ ದಿನ ಬಿಟ್ಟುಕೊಡ್ತಾನೆ” ಅಂದ. ಆ ದಿನದಿಂದ ಅವನ ಬಾಯಲ್ಲಿ ಭಾಗಿಸುವುದು ಅನ್ನುವುದು ಹೋಗಿ ‘ಒಡೆಯೋದು’ ಆಯಿತು.

ಮಾದರಿ ಗೀಚುವ ಕಂದು ಕಾಗದದ ಚೂರುಗಳನ್ನು ಕೂಡಿಸಿ ಹೊಲಿದು ನೋಟ್‌ಬುಕ್ ಮಾಡಿಕೊಂಡ. ಕರೆಂಟು ಹೋಗಿ ಮಿಷನ್ ನಿಂತಾಗ, ಊಟದ ಹೊತ್ತಿನಲ್ಲಿ, ಭಾನುವಾರ, ಅದೇ ಕೆಲಸ. ನೇರವಾಗಿ ಹತ್ತೊಂಬತ್ತಕ್ಕೆ ಕೈ ಹಾಕಲಿಲ್ಲ. ಕಡಿಮೆ ಗೀಟಿನಿಂದ ಶುರು ಮಾಡಿದ. ಮೂರು ಗೀಟು, ಅಂದರೆ ನೂರ ಹನ್ನೊಂದು, ಮೂರಕ್ಕೆ ಒಡೆಯಿತು. ಗೀಟು ಸರಿಸಂಖ್ಯೆಯಲ್ಲಿದ್ದರೆ ಹನ್ನೊಂದಕ್ಕೆ ಒಡೆಯುತ್ತಿತ್ತು. ಐದು ಗೀಟು ನಲವತ್ತೊಂದಕ್ಕೆ ಒಡೆಯಿತು. ಏಳು ಗೀಟಿಗೆ ವಾರ ಹಿಡಿಯಿತು, ಇನ್ನೂರ ಮೂವತ್ತೊಂಬತ್ತಕ್ಕೆ ಒಡೆಯಿತು. ಹದಿಮೂರು ಗೀಟು ಐವತ್ತಮೂರಕ್ಕೇ ಒಡೆದುಬಿಟ್ಟಿತು.

ಒಂದು ಭಾನುವಾರ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಓಡಿಬಂದ.

“ಬೋರ, ಕೇಳಿಲ್ಲಿ. ಮೂರಕ್ಕೂ ಹನ್ನೊಂದಕ್ಕೂ ಒಡೆಯೋ ಸಸಾರದ ಗೀಟು ಬಿಡು. ಐದು ಗೀಟನ್ನ ಒಡೆಯೋದು ನಲವತ್ತೊಂದು. ಅದನ್ನ ಐದರಿಂದ ಭಾಗ್ಸು. ಏನು ಉಳೀತದೆ?”

“ಒಂದು.”

“ಲಾಭ! ಏಳು ಗೀಟಿಂದು ಇನ್ನೂರ ಮೂವತ್ತೊಂಬತ್ತು. ಏಳರಿಂದ ಭಾಗ್ಸು. ಲಾಭ! ಹದಿಮೂರು ಗೀಟಿಂದು ಐವತ್ಮೂರು, ಹದಿಮೂರ್ನಾಲ್ಕ್ಲ ಐವತ್ತೆರಡು, ಲಾಭ! ಎಷ್ಟು ಗೀಟು ಐತೋ ಅಷ್ಟರಿಂದ ಭಾಗಿಸಿದ್ರೆ ಲಾಭ ಉಳಿಯೋ ಸಂಖ್ಯೇನೇ ಒಡೆಯೋದು ಕಣ್ಲಾ. ಬ್ಯಾರೆವು ಮುಟ್ಟೋದೇ ಬ್ಯಾಡ.”

“ಯಾಕಂಗೆ?”

“ಯಾಕೋ ನಂಗೇನ್ ಗೊತ್ತು? ಉಳೀತದೆ.”

ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ. ಹನ್ನೊಂದು ಗೀಟಿಗೆ ಏಳು ತಿಂಗಳು ಹಿಡಿಯಿತು. ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತಕ್ಕೆ ಒಡೆದ ದಿನ ಅಕ್ಕನ ಬಾಯಿಗೆ ಬೆಲ್ಲದ ಚೂರು ಹಾಕಿದನಂತೆ. ಅವಳು ಅದನ್ನು ನನಗೆ ಹೇಳಿ, “ಮಗು ಹುಟ್ಟಿದಾಗ್ಲೂ ಹಾಕಿರ್ಲಿಲ್ಲ ಮಾರಾಯ. ನಾನು ಆವಪ್ಪಂಗೆ ಹೆಂಡ್ತಿ ಅಲ್ಲ ಕಣೋ, ಉಳಿಕೆ” ಅಂದಳು.

ಆಮೇಲೆ ಹದಿನೇಳನ್ನು ಬಿಟ್ಟು ಹತ್ತೊಂಬತ್ತಕ್ಕೇ ಕೂತ. ಹತ್ತೊಂಬತ್ತರಿಂದ ಭಾಗಿಸಿದರೆ ಲಾಭ ಉಳಿಯಬೇಕು, ಬೆಸವಾಗಿರಬೇಕು. ಮೂವತ್ತೊಂಬತ್ತು, ಎಪ್ಪತ್ತೇಳು, ನೂರ ಹದಿನೈದು, ಹೀಗೆ ಮೂವತ್ತೆಂಟು ಮೂವತ್ತೆಂಟು ಸೇರಿಸುತ್ತಾ ಮೇಲೆ ಹತ್ತುವುದು. ದಿನಕ್ಕೆ ಎಂಟು ಸಂಖ್ಯೆ. ಒಂದೊಂದರಿಂದಲೂ ಹತ್ತೊಂಬತ್ತು ಗೀಟನ್ನು ತುದಿಯವರೆಗೆ ಭಾಗಿಸಿ, ಉಳಿಕೆ ಬಂದರೆ ಅದನ್ನು ಬರೆದು ಮುಂದಕ್ಕೆ ಹೋಗುವುದು. ಪ್ರತಿಯೊಂದಕ್ಕೂ ಉಳಿಕೆ ಬಂತು.

2012ರಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಹುಲುಗಪ್ಪ ಅನ್ನುವವರು ಹೊಸ ಯೂನಿಟ್ಟು ತೆರೆದರು. ನಾನು ಅವರ ಕಾಲು ಕೈ ಹಿಡಿದು ಭಾವನಿಗೆ ಕಟಿಂಗ್ ಟೇಬಲ್ಲು ಮಾತಾಡಿದೆ. ಅವನು ಪದರ ಎಣಿಸುವುದನ್ನು ಅವರು ಕಣ್ಣಾರೆ ನೋಡಿದ್ದರು. “ಸೋಮವಾರ ಬರ್ಲಿ ಬಿಡ್ರಿ, ಅಂಥಾವ್ರು ಎಲ್ಲಿ ಸಿಗ್ತಾರ” ಅಂದರು. ನಾನು ಹಾರಿಕೊಂಡು ಬಂದು ಹೇಳಿದೆ.

ಭಾವ ತಲೆಯೆತ್ತಲಿಲ್ಲ. “ಅದು ಪುಕ್ಸಟ್ಟೆ ಟೇಬಲ್ಲು. ನಂದು ಅಲ್ಲೈತೆ, ಒಡೆದು ತಗೋತೀನಿ.”

“ಅವ್ನು ಕೊಡಲ್ಲ ಕಣ್ ಬಾವ! ಮೂರು ವರ್ಷ ಆಯ್ತು!”

“ಒಡೆದ ಮೇಲೆ ಕೊಡ್ದಿದ್ರೆ ಆಗ ಬೈಯಿ.”

ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಅಕ್ಕ ಅತ್ತಳು. ಭಾನುವಾರ ನನಗೆ ತಲೆ ಕೆಟ್ಟು, ಹೋಗಿ ಸುಳ್ಳು ಹೇಳಿದೆ. “ಬಾವ, ಒಡೀತಂತೆ. ಕಾಲೇಜಿನ ಮೇಷ್ಟ್ರು ಸಿಕ್ಕಿದ್ರು, ಕಂಪ್ಯೂಟರ್‌ನಾಗೆ ನೋಡಿ ಹೇಳಿದ್ರು. ಐವತ್ತೆರಡು ಸಾವಿರದ ನಾನೂರ ಮೂವತ್ತೇಳಕ್ಕೆ ಒಡೀತದಂತೆ. ಮುಗೀತಲ್ಲ? ನಾಳೆ ಹುಲುಗಪ್ಪಾರ ಹತ್ರ ಹೋಗು.” ಬಾಯಿಗೆ ಬಂದ ಸಂಖ್ಯೆ ಅದು. ಕಂಪ್ಯೂಟರ್ ಹೇಳಿತು ಅಂದರೆ ನಂಬಿ ಸೋಮವಾರ ಹೋಗುತ್ತಾನೆ, ಆಮೇಲೆ ಬೇಕಾದರೆ ಭಾಗಿಸಿ ನೋಡಲಿ ಅಂತ ನನ್ನ ಬುದ್ಧಿ.

ಅವನು ಪೆನ್ಸಿಲ್ಲನ್ನೂ ಮುಟ್ಟಲಿಲ್ಲ.

“ಐದು, ಎರಡು, ನಾಲ್ಕು, ಮೂರು, ಏಳು. ಕೂಡಿದ್ರೆ ಇಪ್ಪತ್ತೊಂದು. ನೀನು ಹೇಳಿದ್ದು ಮೂರಕ್ಕೆ ಒಡೆಯೋ ಸಂಖ್ಯೆ. ಇದು ನನ್ನ ಗೀಟನ್ನ ಒಡೆದ್ರೆ ಮೂರೂ ಒಡೀಬೇಕು. ಹತ್ತೊಂಬತ್ತು ಗೀಟು ಕೂಡಿದ್ರೆ ಹತ್ತೊಂಬತ್ತು. ಅದು ಮೂರಕ್ಕೆ ಹೋಯ್ತದಾ?” ಆಮೇಲೆ ನನ್ನನ್ನು ನೋಡಿದ. “ಹತ್ತೊಂಬತ್ತರಿಂದ ಭಾಗಿಸಿದ್ರೆ ಹದಿನಾರು ಉಳೀತದೆ. ಲಾಭಾನೂ ಉಳ್ಯಲ್ಲ. ಸುಳ್ಳು ಹೇಳೋನು ಅದನ್ನಾದ್ರೂ ನೋಡ್ಕೊಂಡು ಹೇಳ್ಬಾರ್ದಾ ಬೋರ? ನಾನಿಷ್ಟು ದಿನ ಹೇಳ್ಕೊಟ್ಟಿದ್ದು ಯಾರಿಗೆ?”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ನೋಟ್‌ಬುಕ್ಕನ್ನು ಎತ್ತಿ ಗೋಡೆಗೆ ಎಸೆದೆ, ಬಾಯಿಗೆ ಬಂದಂತೆ ಬೈದೆ, ನಾಲ್ಕನೇ ಕ್ಲಾಸಿನವನು ನಾಲ್ಕನೇ ಕ್ಲಾಸಿನವನಾಗಿರು ಅಂದೆ. ಅವನು ಹಾಳೆಗಳನ್ನು ಆರಿಸಿಕೊಂಡ. ಸೋಮವಾರ ಹುಲುಗಪ್ಪನವರ ಟೇಬಲ್ಲಿಗೆ ಬೇರೆಯವನು ಬಂದ. ಅದೇ ಯೂನಿಟ್ಟಿಗೆ ನಾನು ಜೇಬು ಹೊಲಿಯಲು ಹೋದೆ. ಆರು ವರ್ಷ ನಾವಿಬ್ಬರು ಮಾತಾಡಲಿಲ್ಲ. ರಾಯದುರ್ಗ ಎಷ್ಟಿದ್ದೀತು? ಸಂತೆಯಲ್ಲಿ ಎದುರು ಸಿಕ್ಕರೆ ಅವನು ಈರುಳ್ಳಿ ನೋಡುತ್ತಿದ್ದ, ನಾನು ಬದನೆಕಾಯಿ ನೋಡುತ್ತಿದ್ದೆ.

2018ರಲ್ಲಿ ನನ್ನ ಮಗಳು ಸುನೀತಾ ಹಿಂದೂಪುರದ ಕಾಲೇಜಿನಿಂದ ರಜೆಗೆ ಬಂದಳು. ಲೆಕ್ಕ ಓದುತ್ತಿದ್ದಳು. ಊಟ ಮಾಡುತ್ತಾ ಮಾತಿಗೆ ಮಾತು ಬಂದು ಅವಳಿಗೆ ಮಾವನ ಗೀಟಿನ ಕಥೆ ಹೇಳಿದೆ. ಅವಳು ಎಡಗೈಯಲ್ಲಿ ಫೋನು ತೆಗೆದು ಹತ್ತೊಂಬತ್ತು ಸಲ ಒಂದನ್ನು ಒತ್ತಿದಳು. ನಾನು ತುತ್ತು ಬಾಯಿಗಿಡುವಷ್ಟರಲ್ಲಿ ಉತ್ತರ ಬಂತು.

“ಇದು ಒಡೆಯೋದಿಲ್ಲ ಅಪ್ಪ. ಅವಿಭಾಜ್ಯ ಸಂಖ್ಯೆ.”

“ಸರ್ಯಾಗಿ ನೋಡು.”

“ಸರ್ಯಾಗೇ ನೋಡ್ದೆ. ಯಾವುದಕ್ಕೂ ಒಡೆಯೋದಿಲ್ಲ.”

ಆ ಫೋನನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಒಂಬತ್ತು ವರ್ಷ. ರಘುನಾಥನಿಗೆ ಇದು ಮೊದಲೇ ಗೊತ್ತಿತ್ತು ಅಂತಾದರೂ ಇದ್ದಿದ್ದರೆ ಹೋಗಿ ಅವನ ಕುತ್ತಿಗೆ ಹಿಡಿಯಬಹುದಿತ್ತು. ಅವನಿಗೆ ಗೊತ್ತಿರಲಿಲ್ಲ. ಬಂಡಲ್ ಹದಿನೆಂಟು ಹೋಗಿದ್ದರೆ ಭಾವ ಅದೇ ದಿನ ಹನ್ನೊಂದಕ್ಕೆ ಒಡೆದು ಟೇಬಲ್ಲು ಕೇಳುತ್ತಿದ್ದ. ಆ ದಿನ ಹತ್ತೊಂಬತ್ತು ಹೋಗಿದ್ದವು, ಅಷ್ಟೇ.

ಭಾನುವಾರ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ. ಭಾವ ಜಗಲಿಯ ಮೇಲೆ ಕೂತಿದ್ದ. ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಪಕ್ಕದಲ್ಲಿ ಕಂದು ಹಾಳೆಯ ನೋಟ್‌ಬುಕ್ಕುಗಳು ಹನ್ನೆರಡೋ ಹದಿಮೂರೋ ಇದ್ದವು. ಎಂಟು ಲಕ್ಷ ದಾಟಿದ್ದೀನಿ ಅಂತ ಸುನೀತಾಳಿಗೆ ಹೇಳಿದ, ನನಗಲ್ಲ. ಅವಳು ನಿಧಾನವಾಗಿ ವಿಷಯ ಹೇಳಿದಳು.

ಅವನು ಆಗ ನನ್ನ ಕಡೆ ತಿರುಗಿದ. “ಹೋದ ಸಲ ಒಡೀತು ಅಂದೆ. ಈ ಸಲ ಒಡೆಯಲ್ಲ ಅಂತ ಮಗಳ ಕೈಲಿ ಹೇಳಿಸ್ತೀಯ. ನಿನ್ನ ಬಾಯೇ ಎರಡು ಪಾಲಾಗೈತಲ್ಲೋ.”

“ಇದು ನಿಜ ಮಾವ,” ಅಂದಳು ಸುನೀತಾ.

“ಒಡೀತದೆ ಅಂದ್ರೆ ಒಡೆಯೋ ಸಂಖ್ಯೆ ತೋರ್ಸಿ ಬಾಯಿ ಮುಚ್ಚಿಸ್ಬೋದು ತಾಯಿ. ಒಡೆಯಲ್ಲ ಅನ್ನೋದನ್ನ ಹೆಂಗೆ ತೋರಿಸ್ತೀಯ?”

“ನಿಮ್ಮ ದಾರೀಲೇ ಹೋದ್ರೆ ನೂರೈದು ಕೋಟಿವರೆಗೂ ನೋಡ್ಬೇಕು. ದಿನಕ್ಕೆ ಎಂಟರಂತೆ ಒಂಬತ್ತೂವರೆ ಸಾವಿರ ವರ್ಷ ಆಯ್ತದೆ ಮಾವ.”

ಅಕ್ಕ ಒಳಗಿನಿಂದ, “ನೂರು ವರ್ಷ ಹೆಚ್ಚಾಗೇ ಹಾಕಮ್ಮ, ನಡುವೆ ಊಟಕ್ಕೆ ಏಳ್ಬೇಕಲ್ಲ” ಅಂದಳು.

ಸುನೀತಾ ಫೋನು ನೋಡಿ ಒಂದು ಸಂಖ್ಯೆಯನ್ನು ಅವನ ಹಾಳೆಯ ಮೇಲೆ ಬರೆದಳು: 20,71,723. “ನೀವು ಬಿಟ್ಟಿದ್ದ ಹದಿನೇಳು ಗೀಟು ಇದಕ್ಕೆ ಒಡೀತದಂತೆ. ಇದೂ ಇದೇ ಫೋನ್ ಹೇಳಿದ್ದು. ನೀವೇ ನೋಡಿ. ಇದು ಸುಳ್ಳಾದ್ರೆ ಅದೂ ಸುಳ್ಳು.”

ಅವನು ಮೊದಲು ಹದಿನೇಳರಿಂದ ಭಾಗಿಸಿದ. “ಲಾಭ ಉಳೀತು” ಅಂದ. ದನಿ ಸ್ವಲ್ಪ ಬದಲಾಯಿತು. ಆಮೇಲೆ ಹದಿನೇಳು ಗೀಟು ಎಳೆದು ಭಾಗಿಸಲು ಕೂತ. ಉಳಿಕೆ ಬರಲಿ, ಫೋನು ಹೇಳಿದ್ದು ಸುಳ್ಳಾಗಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಕೊನೆಯ ಸಾಲಿನಲ್ಲಿ ಮೇಲಿನ ಸಂಖ್ಯೆಯ ಕೆಳಗೆ ಅದೇ ಸಂಖ್ಯೆ ಬಂದು ಕೂತಿತು. ಸೊನ್ನೆ.

ಅವನು ಸೊನ್ನೆಯ ಮೇಲೆ ಪೆನ್ಸಿಲ್ಲನ್ನು ಎರಡು ಮೂರು ಸಲ ಸುತ್ತಿಸಿದ. ಕನ್ನಡಕ ತೆಗೆದ.

“ನಂಗೆ ನಾಲ್ಕು ವರ್ಷದ ಹಿಂದೇನೇ ಅನುಮಾನ ಬಂದಿತ್ತಮ್ಮ,” ಅಂದ. “ಆದ್ರೆ ಒಡೆಯಲ್ಲ ಅಂದ್ಕೊಂಡ್ರೆ ಟೇಬಲ್ಲು ಹೋಯ್ತದಲ್ಲ. ಅದಕ್ಕೇ ಅಂದ್ಕೊಳ್ಳಲಿಲ್ಲ.”

ಆಮೇಲೆ ನನಗೇ ಹೇಳಿದ, ಆರು ವರ್ಷದ ಮೇಲೆ ನನಗೆ ಹೇಳಿದ ನೆಟ್ಟಗಿನ ಮಾತು ಅದು: “ನಾಳೆ ನೀನೂ ಬಾ ಬೋರ. ರಘುನಾಥ್ ಸಾರ್‌ಗೆ ಹೇಳ್ಬೇಕು. ಒಡೆಯಲ್ಲ ಅನ್ನೋದೂ ಉತ್ತರಾನೇ. ಇಲ್ಲದ ಪಾಲು ಕೇಳಿದ್ದು ಅವ್ರ ತಪ್ಪು. ಟೇಬಲ್ಲು ಕೊಡ್ಬೇಕಾಯ್ತದೆ.”

“ಟೇಬಲ್ ಮೇಲೆ ಈಗ ಬಾಕ್ಸ್ ಪೇರಿಸವ್ರಲ್ಲ ಬಾವ?” ಅಂದೆ. ಕಟಿಂಗ್ ಎಲ್ಲ ಬಳ್ಳಾರಿಯ ದೊಡ್ಡ ಮಿಷನ್ನಿಗೆ ಹೋಗಿ ಒಂದು ವರ್ಷವಾಗಿತ್ತು. ಭಾವನೂ ಅದೇ ಹಳೆಯ ಯೂನಿಟ್ಟಿನಲ್ಲಿ ಬಾಕ್ಸಿಗೆ ಟೇಪು ಸುತ್ತುತ್ತಿದ್ದ.

“ಇರ್ಲಿ. ಆಡಿದ ಮಾತು ಐತಲ್ಲ.”

ಸೋಮವಾರ ಬೆಳಿಗ್ಗೆ ಹೋದೆವು. ರಘುನಾಥನಿಗೆ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಭಾವ ಒಗೆದ ಅಂಗಿ ಹಾಕಿಕೊಂಡು, ಹದಿಮೂರು ನೋಟ್‌ಬುಕ್ಕನ್ನೂ ಚೀಲದಲ್ಲಿ ಹಿಡಿದು ಅವನೆದುರು ನಿಂತ. “ಸಾರ್, ಆ ಗೀಟು ಒಡೆಯೋದಿಲ್ಲ. ಯಾವುದಕ್ಕೂ ಒಡೆಯೋದಿಲ್ಲ ಸಾರ್.”

“ಯಾವ ಗೀಟು ರೀ?”

“ಹತ್ತೊಂಬತ್ತು ಗೀಟು ಸಾರ್. ಪಾಲು ಮಾಡು ಅಂದಿದ್ರಿ. ಊಟದ ಹೊತ್ನಾಗೆ.”

ರಘುನಾಥ್ ನನ್ನ ಮುಖ ನೋಡಿದ, ಭಾವನ ಮುಖ ನೋಡಿದ. “ಬಾಕ್ಸಿನ ಲೆಕ್ಕ ಏನ್ರಿ? ಹತ್ತೊಂಬತ್ತು ಬಾಕ್ಸ್ ಒಡ್ದಾವೇನು?”

ನಾನು ಎಲ್ಲ ಹೇಳಿದೆ, ಹಲ್ಲು ಕಚ್ಚಿಕೊಂಡು, ಮೊದಲಿನಿಂದ. ಅವನಿಗೆ ನೆನಪಿರಲಿಲ್ಲ. ನಟಿಸಿದ್ದರೆ ನನಗೆ ತಿಳಿಯುತ್ತಿತ್ತು. ನಿಜವಾಗಿ ನೆನಪಿರಲಿಲ್ಲ. ಕೊನೆಗೆ ಅವನಿಗೆ ಅರ್ಥವಾದದ್ದು ಟೇಬಲ್ಲು ಅನ್ನುವ ಮಾತು ಒಂದೇ.

“ಓ, ಟೇಬಲ್ ಬೇಕಾ? ಯಾಕ ಇಷ್ಟು ಮಾತು, ಒಯ್ಯಿರಿ. ಮರ ಗಟ್ಟಿ ಐತಿ. ನಮಗೂ ಜಾಗ ಆಕ್ಕೈತಿ. ಬಾಕ್ಸ್ ಇಳಿಸಿ ಇವತ್ತ ಒಯ್ದುಬಿಡ್ರಿ, ಟೇಬಲ್ ನಿಮ್ದ.”

ಭಾವ ಚೀಲವನ್ನು ನೆಲಕ್ಕೆ ಇಳಿಸಿದ. ಆಮೇಲೆ ಜೇಬಿನಿಂದ ಚಾಕ್‌ಪೀಸು ತೆಗೆದು ಗೋಡೆಯ ಹತ್ತಿರ ಹೋದ. ಹಳೆಯ ಗೀಟುಗಳ ಮೇಲೆ ನೀಲಿ ಬಣ್ಣ ಬಂದಿತ್ತು. ಅವನು ಎಣಿಸುತ್ತಾ ಎಳೆಯತೊಡಗಿದ. “ಒಂದು. ಎರಡು. ಮೂರು.” ಅವನ ಬಾಯಲ್ಲಿ ಒಂದು ಅನ್ನುವುದನ್ನು ನಾನು ಕೇಳಿದ್ದು ಅದೇ ಮೊದಲು.

“ಏಯ್, ಏಯ್, ಗೋಡಿಗೆ ಈಗಿನ್ನ ಬಣ್ಣ ಹಚ್ಚಿಸೇವ್ರಿ!” ಅಂತ ರಘುನಾಥ್ ಎದ್ದ. ನಾನು ಅವನ ಎದೆಯ ಮೇಲೆ ಕೈಯಿಟ್ಟು ಅವನನ್ನು ಕುರ್ಚಿಗೆ ಒತ್ತಿದೆ. ಅಷ್ಟೇ ಮಾಡಿದ್ದು, ಬೇರೇನೂ ಮಾಡಲಿಲ್ಲ.

ಹತ್ತೊಂಬತ್ತು ಗೀಟು ಮುಗಿದವು. ಭಾವ ಮೊದಲನೆಯದರ ಬುಡದಿಂದ ಕೊನೆಯದರ ತುದಿಯವರೆಗೆ, ಎಲ್ಲವನ್ನೂ ಕೂಡಿಸಿ, ಉದ್ದಕ್ಕೆ ಒಂದು ಅಡ್ಡ ಗೀಟು ಎಳೆದ. ಅದು ಇಪ್ಪತ್ತನೆಯದು. ಅದನ್ನು ಅವನು ಎಣಿಸಲಿಲ್ಲ.